ಲೈನ್

ಬೋರ್ಡಿನ ಮೇಲೆ ಎಲ್, ಐ, ಎನ್, ಇ ಬರೆದು
ಕೈಯ ಸೀಮೆಸುಣ್ಣ ಕೊಡವಿ ಕೇಳಿದೆ:
ಇದಕ್ಕೆ ಏನೇನು ಅರ್ಥ, ಹೇಳಿ ನೋಡುವ.
ಚೆಟ್ಟಳ್ಳಿಯ ಶಾಲೆ, ಫೆಬ್ರವರಿ,
ಅರ್ಧ ಕ್ಲಾಸು ಕಾಫಿ ಕುಯ್ಲಿಗೆ ಹೋಗಿತ್ತು.

ಗೆರೆ, ಅಂದ ಮುಂದಿನ ಬೆಂಚಿನ ಪೂವಣ್ಣ,
ಸ್ಕೇಲು ಎತ್ತಿ ತೋರಿಸಿ.
ಸರಿ.
ಕರೆಂಟು, ಅಂದ ಲೈನ್‌ಮ್ಯಾನ್ ಕುಂಞಪ್ಪನ ಮಗ,
ಮಳೆಗಾಲದಲ್ಲಿ ಲೈನ್ ಹೋದರೆ ಅಪ್ಪನೂ ಹೋಗುತ್ತಾರೆ,
ಲೈನ್ ಬಂದ ಮೇಲೇ ಅಪ್ಪ ಬರುವುದು.
ಅದೂ ಸರಿ.
ಸೊಸೈಟಿಯ ಎದುರು ಅಕ್ಕಿಗೆ ನಿಲ್ಲುವುದು.
ಹಿಂದಿನಿಂದ ಯಾರೋ, ಲೈನ್ ಹೊಡೆಯುವುದು, ಅಂದರು.
ಇಡೀ ಕ್ಲಾಸು ಮುಖ ಮುಚ್ಚಿಕೊಂಡಿತು,
ನಾನು ಬೋರ್ಡಿನ ಕಡೆ ತಿರುಗಿದೆ.
ಮಡಿಕೇರಿಯ ಕಾಲೇಜಿನ ಮೆಟ್ಟಿಲಲ್ಲಿ ಒಬ್ಬ
ಮೂರು ವರ್ಷ ನನಗೆ ಹೊಡೆದ ಲೈನು
ಕಾಗದದ ಮೇಲೆ ಒಂದು ಸಾಲೂ ಆಗಲಿಲ್ಲ,
ಆ ಮಾತು ಬೇರೆ.

ಕೊನೆಗೆ ರಜಿತಾ ಎದ್ದಳು.
ಅಂಗೈ ಕಾಫಿ ಹಣ್ಣಿನ ಅಂಟಿಗೆ ಕಪ್ಪಾಗಿತ್ತು.
ಲೈನ್ ಅಂದರೆ ನಮ್ಮ ಮನೆ.

ಗೊತ್ತು ನನಗೆ ಆ ಮನೆ.
ಅಪ್ಪ ಇಂಥದೇ ತೋಟದಲ್ಲಿ ರೈಟರು.
ರೈಟರೆಂದರೆ ಕಥೆ ಬರೆಯುವವರಲ್ಲ,
ಚೆಕ್‌ರೋಲಿನಲ್ಲಿ ಹೆಸರು ಬರೆಯುವವರು,
ಪೂರ್ತಿ ಆಳಿಗೆ ಉದ್ದ ಗೀಟು, ಅರ್ಧ ಆಳಿಗೆ ಮೋಟು ಗೀಟು.
ಹತ್ತು ಬಾಗಿಲು, ಒಂದೇ ಸೂರು, ಒಂದೇ ನಲ್ಲಿ,
ಮೊದಲ ಮನೆಯಲ್ಲಿ ಕೆಮ್ಮಿದರೆ
ಹತ್ತನೆಯದರಲ್ಲಿ ಮಗು ಏಳುವಂಥ ಗೋಡೆ.
ಲೈನಿನ ಕಡೆ ಹೋಗಬೇಡ, ಎಂದು ಅಮ್ಮ ಕೂಗುತ್ತಿದ್ದಳು.
ಹಾಕಿದ ಗೆರೆ ದಾಟದ ಹುಡುಗಿ ನಾನು;
ಬೇಲಿಯ ಈಚೆ ನಿಂತೇ ಅವರ ದುಡಿ ಕೇಳಿದ್ದು.

ಕನ್ನಡದಲ್ಲಿ ಸಾಲು ಅನ್ನುತ್ತೇವೆ, ಎಂದೆ ಮಕ್ಕಳಿಗೆ,
ಸಾಲುಮನೆ, ಗಿಡದ ಸಾಲು, ಪದ್ಯದ ಸಾಲು.
ಬರೆಯುತ್ತ ಬರೆಯುತ್ತ ಕೈ ತಡೆಯಿತು:
ಆ ಪದದ ಕೊಂಬು ಮುರಿದರೆ ಸಾಲ.
ರಜಿತಾಳ ಅಜ್ಜಿ ಚಾತಿಯ ಮುಂಗಡದ ಲೆಕ್ಕ
ಯಾವ ರೈಟರ ಪುಸ್ತಕದಲ್ಲಿದೆಯೋ.
ಎಷ್ಟು ಕುಯ್ದರೂ ಸಾಲದು, ಅನ್ನುವುದೂ
ಅದೇ ಬೇರಿನ ಚಿಗುರಿನ ಹಾಗೆ ಕೇಳುತ್ತದೆ.

ಊಟದ ಹೊತ್ತಿಗೆ ಡಿಕ್ಷನರಿ ಬೇಡಿದಳು.
ಬೆರಳಿಟ್ಟು ಪುಟ ಇಳಿದಳು, ನಾನು ಅರ್ಥ ಹೇಳುತ್ತ ಹೋದೆ:
ಗಾಳದ ದಾರ, ಸಿಪಾಯಿಗಳ ಪಂಕ್ತಿ,
ಮುಖದ ಸುಕ್ಕು, ಒಂದು ಮನೆತನದ ಪೀಳಿಗೆ,
ನಾಟಕದವನು ಮರೆಯುವ ಮಾತು,
ರೈಲಿನ ಹಳಿ.
ಹಳಿ ನಮ್ಮಲ್ಲೂ ಉಂಟಲ್ಲ ಟೀಚರ್, ಅಂದಳು.
ಉಂಟು. ರೈಲು ಬರಲಿಲ್ಲ, ಹಳಿ ಮಾತ್ರ ಬಂತು,
ಕಾಡಿನ ಅಂಚಿನಲ್ಲಿ ಆನೆಗೆ ಬೇಲಿಯಾಗಿ.
ಮೂವತ್ತರವರೆಗೆ ಎಣಿಸಿ ತಲೆಯೆತ್ತಿದಳು:
ಇದರಲ್ಲಿ ನಮ್ಮ ಮನೆ ಇಲ್ಲ.

ಇನ್ನೆಲ್ಲಿದೆ ಎಂದು ಕೇಳಲಿಲ್ಲ ನಾನು.
ರೇಷನ್ ಕಾರ್ಡಿನ ಅರ್ಜಿಯಲ್ಲಿ
ಮನೆ ನಂಬರಿನ ಜಾಗಕ್ಕೆ ಗೀಟು ಎಳೆದು ಕೊಟ್ಟದ್ದು
ಈ ಕೈಯೇ.
ಪೆನ್ಸಿಲು ಕೊಟ್ಟೆ. ಅಂಚಿನಲ್ಲಿ ಒತ್ತಿ ಬರೆದಳು:
ಮೂವತ್ತೊಂದು. ರಜಿತಾ ಮನೆ.
ಎಡದಿಂದ ನಾಲ್ಕನೆಯ ಬಾಗಿಲು.

ಹೂಮಳೆ ಬಿದ್ದು ತೋಟ ಬಿಳಿಯಾದ ವಾರ
ಹಾಜರಿ ಪುಸ್ತಕದಲ್ಲಿ ಅವಳ ಸಾಲು ಖಾಲಿಯಾಯಿತು.
ಲೈನ್ ಬಿಟ್ಟರಂತೆ.
ಪೊನ್ನಂಪೇಟೆ ಕಡೆ ಎಂದು ಒಬ್ಬ, ವಯನಾಡು ಎಂದು ಇನ್ನೊಬ್ಬ.
ಫೋನು ಮಾಡಿದರೆ ಯಾವುದೋ ಹೆಂಗಸು, ಒಂದೇ ದನಿಯಲ್ಲಿ,
ವ್ಯಾಪ್ತಿಯ ಹೊರಗೆ ಎನ್ನುತ್ತಾಳೆ.
ಹೆಸರಿನ ಮೇಲೆ ಕೆಂಪು ಗೆರೆ ಎಳೆಯಿರಿ, ಎಂದರು ಹೆಡ್‌ಮಾಷ್ಟ್ರು,
ಸ್ಕೇಲನ್ನೂ ಅವರೇ ಕೊಟ್ಟರು.

ನಿನ್ನೆ ರಾತ್ರಿ ಆನೆ ಹಳಿ ದಾಟಿ ಬಂದಿದೆ.
ಒಂದು ಕಂಬ ಕೆಡವಿ, ಖಾಲಿ ಲೈನಿನ ಮುಂದೆ ನಿಂತು
ನಾಲ್ಕನೆಯ ಬಾಗಿಲು ತಳ್ಳಿ
ಉಪ್ಪಿನ ಡಬ್ಬಿ ಹುಡುಕಿ ಹೋಗಿದೆ.
ಅದಕ್ಕೆ ವಿಳಾಸ ಗೊತ್ತಿತ್ತು.

ಬೆಳಿಗ್ಗೆ ಕಂಬದ ತುದಿಯಿಂದ ಕುಂಞಪ್ಪ ಕೂಗಿದ,
ಟೀಚರ್, ಲೈನ್ ಬಂತಾ?
ಒಳಗೆ ಹೋಗಿ ಸ್ವಿಚ್ಚು ಒತ್ತಿದೆ.
ಬಲ್ಬು ಹತ್ತಿತು.
ಬಂತು, ಅಂದೆ.